ಹಾನೆಕಮ್ಮನ ರೋಮನ್ ಗಂಜಿ

ಬೇಕರಿಯ ಸಾಲಿನಲ್ಲಿ ನಿಂತ ಅಪರಿಚಿತರನ್ನೂ ತಿದ್ದದೆ ಬಿಡುತ್ತಿರಲಿಲ್ಲ ಹಾನೆಕಮ್ಮ. ನಾನು ಅವರನ್ನು ಸರಿಯಾಗಿ ನೋಡಿದ್ದೂ ಆ ಸಾಲಿನಲ್ಲಿಯೇ. ಕ್ರಿಸ್‌ಮಸ್ಸಿಗೆ ಮುಂಚಿನ ವಾರ, ಡಚ್ಚರ ನಾಡಿನ ಆಮರ್ಸ್‌ಫೋರ್ಟಿನ ನಮ್ಮ ಬಡಾವಣೆಯ ಬೇಕರಿ. ಮುಂದಿದ್ದ ದಪ್ಪ ಮನುಷ್ಯ ಕೇಕಿನ ಎರಡು ಡಬ್ಬ ಎತ್ತಿಕೊಂಡು, "ಹಬ್ಬ ಬಂದರೆ ನಾವೂ ರೋಮನ್ನರ ಹಾಗೆಯೇ. ತಿನ್ನುವುದು, ವಾಂತಿ ಮಾಡುವುದು, ಮತ್ತೆ ತಿನ್ನುವುದು" ಎಂದ. ಎಲ್ಲರೂ ನಕ್ಕರು. ನನ್ನ ಬೆನ್ನ ಹಿಂದಿನಿಂದ ಸಣ್ಣ, ಆದರೆ ಗಟ್ಟಿ ಧ್ವನಿಯೊಂದು ಬಂತು.

"ನೇ, ಮೆನೇರ್, ಅಲ್ಲ ಸ್ವಾಮಿ. ಅದನ್ನು ನೋಡಿದವರು ಯಾರು?"

ತಿರುಗಿ ನೋಡಿದರೆ ನೀಲಿ ಮಳೆಯಂಗಿ ತೊಟ್ಟ, ತೆಳ್ಳಗೆ ಎತ್ತರದ ಮುದುಕಿ. ಬಿಳಿ ಕೂದಲನ್ನು ಹುಡುಗರ ಹಾಗೆ ಕತ್ತರಿಸಿದ್ದರು.

"ಎಲ್ಲರೂ ಹೇಳುತ್ತಾರಲ್ಲ ಮೇವ್ರೌ!" ಎಂದ ಅವನು. ಮೇವ್ರೌ ಅಂದರೆ ಅಮ್ಮನವರೇ ಎಂದು.

"ಎಲ್ಲರೂ ಹೇಳುವುದನ್ನೇ ನಾನು ಕೇಳುತ್ತಿರುವುದು. ಊಟದ ಮನೆಯ ಪಕ್ಕದಲ್ಲಿ ವಾಂತಿಗೆಂದೇ ಕೋಣೆ ಇತ್ತು ಅನ್ನುತ್ತಾರೆ. 'ಕಕ್ಕುವ ಜಾಗ' ಎಂಬ ಅರ್ಥದ ಆ ಲ್ಯಾಟಿನ್ ಹೆಸರು ಇದ್ದದ್ದು ನಾಟಕ ನೋಡಿ ಜನ ಹೊರಗೆ ನುಗ್ಗುವ ದಾರಿಗೆ. ಕೋಣೆಯೂ ಅಲ್ಲ, ವಾಂತಿಯೂ ಇಲ್ಲ. ಈಗ ಸ್ವಲ್ಪ ಸರಿಯಿರಿ, ನನಗೆ ರೈ ಬ್ರೆಡ್ ಬೇಕು."

ನಮ್ಮ ಗೋಡೆಗೆ ಗೋಡೆ ತಾಗಿದ ಮನೆಯವರು ಅವರೇ ಎಂದು ಗೊತ್ತಾದದ್ದು ಇಬ್ಬರೂ ಒಂದೇ ದಾರಿಯಲ್ಲಿ ಬ್ರೆಡ್ ಹಿಡಿದು ವಾಪಸು ಬಂದಾಗ. ನಾವು ಉಡುಪಿಯಿಂದ ಇಲ್ಲಿಗೆ ಬಂದು ಇನ್ನೂ ಎರಡು ತಿಂಗಳಾಗಿತ್ತಷ್ಟೆ. ಇಲ್ಲಿ ಹಿರಿಯರನ್ನೂ ಬರಿಯ ಹೆಸರು ಹಿಡಿದು ಕರೆಯುತ್ತಾರೆ. "ಹಾನೆಕೆ ಅಂತ ಕರಿ" ಎಂದು ಅವರು ಎಷ್ಟು ಹೇಳಿದರೂ ನನ್ನ ನಾಲಿಗೆ ಒಪ್ಪಲಿಲ್ಲ, ಒಂದು 'ಅಮ್ಮ' ಸೇರಿಸಿಯೇ ಬಿಟ್ಟೆ. ಅವರು ನನ್ನನ್ನು ಕೊನೆಯವರೆಗೂ 'ಬ್ಯೂರ್‌ವ್ರೌ' ಎಂದೇ ಕರೆದರು, ನೆರೆಮನೆಯವಳೇ ಎಂದು. ನಾವು ಮಾತಾಡುತ್ತಿದ್ದದ್ದು ಅರ್ಧ ಇಂಗ್ಲಿಷ್, ಕಾಲು ಡಚ್, ಉಳಿದದ್ದು ಕೈಸನ್ನೆ. ಆದರೂ ದೇವರ ದಯೆ, ಒಬ್ಬರದು ಒಬ್ಬರಿಗೆ ತಿಳಿಯದೆ ಉಳಿದದ್ದಿಲ್ಲ.

ಅವರು ಬಹಳ ವರ್ಷ ಹೈಸ್ಕೂಲಿನಲ್ಲಿ ಲ್ಯಾಟಿನ್ ಕಲಿಸಿ ನಿವೃತ್ತರಾದವರು. ಗಂಡ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಪ್ರತಿ ಶನಿವಾರ ರೈಲಿನಲ್ಲಿ ಬೈಸಿಕಲ್ ಹಾಕಿಕೊಂಡು ರೈನ್ ನದಿಯ ಪಕ್ಕದ ಒಂದು ಸಣ್ಣ ಮ್ಯೂಸಿಯಮ್ಮಿಗೆ ಹೋಗುತ್ತಿದ್ದರು. ಅಲ್ಲಿ ಒಂದು ಕಾಲದಲ್ಲಿ ರೋಮನ್ ಸೈನಿಕರ ಕೋಟೆ ಇತ್ತಂತೆ. ಶಾಲೆಯ ಮಕ್ಕಳಿಗೆ ಅದನ್ನು ಸುತ್ತಿಸಿ ತೋರಿಸುವುದು ಅವರ ಕೆಲಸ, ಸಂಬಳವಿಲ್ಲದ್ದು. ವಾರದ ಉಳಿದ ದಿನವೆಲ್ಲ ಶನಿವಾರಕ್ಕೆ ತಯಾರಿ.

ಒಮ್ಮೆ ಕೇಳಿದೆ, "ಎರಡು ಸಾವಿರ ವರ್ಷದ ಹಿಂದಿನವರ ಬಗ್ಗೆ ಯಾರೋ ಏನೋ ಅಂದರೆ ನಿಮಗೆ ಯಾಕೆ ಇಷ್ಟು ಸಂಕಟ?"

"ಬ್ಯೂರ್‌ವ್ರೌ, ನಿನ್ನ ಬಗ್ಗೆ ಬೀದಿಯಲ್ಲಿ ಯಾರಾದರೂ ಸುಳ್ಳು ಹೇಳಿದರೆ ನೀನು ಹೋಗಿ ಅಲ್ಲ ಅನ್ನಬಹುದು. ಸತ್ತವರು ಎದ್ದು ಬರುವುದಿಲ್ಲವಲ್ಲ. ಅವರ ಪರವಾಗಿ ಒಬ್ಬರಾದರೂ ಬಾಯಿ ಬಿಡಬೇಡವೇ?"

ಪರನಿಂದೆ ಪಾಪ ಎಂದು ನಾನು ಚಿಕ್ಕಂದಿನಿಂದ ಕೇಳಿದ್ದೆ. ಸತ್ತವರ ನಿಂದೆಗೂ ಅದು ಅನ್ವಯಿಸುತ್ತದೆ ಎಂದು ನನಗೆ ತೋರಿಸಿಕೊಟ್ಟವರು ಅವರು. ಅಂಥವರು ದಿನಾ ದೇವಸ್ಥಾನಕ್ಕೆ ಹೋಗಬೇಕೆಂದಿಲ್ಲ.

ನಮ್ಮ ಮಗಳು ಮೇಧಾಳ ಶಾಲೆಯಲ್ಲಿ ಒಂದು ದಿನ 'ರೋಮನ್ ದಿನ' ಇಟ್ಟರು. ಮಕ್ಕಳು ಅದೇ ವೇಷದಲ್ಲಿ ಬರಬೇಕು. ಬಿಳಿ ಬಟ್ಟೆ ಸುತ್ತುವುದು ನಮಗೇನು ಹೊಸತೇ? ಮನೆಯವರ ಕೆಂಪಂಚಿನ ಬಿಳಿ ಪಂಚೆ ತೆಗೆದು, ಹೆಗಲಿನ ಮೇಲಿಂದ ಹಾಯಿಸಿ, ನಾಲ್ಕು ಕಡೆ ಪಿನ್ನು ಚುಚ್ಚಿ ನಿಲ್ಲಿಸಿದೆ.

"ಎಂತ ಮಾರಾಯ್ತಿ, ನಾನು ಪೂಜೆಗೆ ಉಡುವ ಪಂಚೆ ಅದು!" ಎಂದರು ಮನೆಯವರು.

"ಒಂದು ದಿನಕ್ಕೆ ದೇವರು ಎಂತ ಹೇಳುವುದಿಲ್ಲ, ಸುಮ್ಮನಿರಿ."

"ಮಮ್ಮಾ, ಇಟ್ಸ್ ಸ್ಲಿಪ್ಪಿಂಗ್!" ಎಂದಳು ಮಗಳು.

ಹೊರಗೆ ಹಾನೆಕಮ್ಮ ಬೈಸಿಕಲ್ಲಿನ ಬೀಗ ತೆಗೆಯುತ್ತಿದ್ದರು. ಮೇಧಾಳನ್ನು ಮೇಲಿಂದ ಕೆಳಗೆ ನೋಡಿ, "ಇವತ್ತು ನಿನಗೆ ಎಲ್ಲಿ ಕೆಲಸ? ದೇವಸ್ಥಾನದಲ್ಲೋ, ಕೋರ್ಟಿನಲ್ಲೋ?" ಎಂದು ಕೇಳಿದರು.

"ಸ್ಕೂಲಿನಲ್ಲಿ."

"ಹಾಗಾದರೆ ಇದನ್ನು ಉಟ್ಟು ಓಡಲಿಕ್ಕೆ ಆಗುವುದಿಲ್ಲ. ರೋಮನ್ನರಿಗೂ ಆಗುತ್ತಿರಲಿಲ್ಲ. ದಪ್ಪ ಉಣ್ಣೆಯ ಅಷ್ಟುದ್ದ ಬಟ್ಟೆ. ಉಡಿಸಲಿಕ್ಕೆ ಇನ್ನೊಬ್ಬರು ಬೇಕು, ಎಡಗೈ ಅದನ್ನು ಹಿಡಿದುಕೊಂಡೇ ಇರಬೇಕು. ಅದನ್ನು ಉಟ್ಟು ರೊಟ್ಟಿ ಸುಡುತ್ತಾರಾ, ಬಟ್ಟೆ ಒಗೆಯುತ್ತಾರಾ? ವಿಶೇಷ ದಿನಕ್ಕೆ ಮಾತ್ರ. ದೊಡ್ಡ ಹೆಂಗಸರಂತೂ ಮರ್ಯಾದಸ್ಥರಾಗಿದ್ದರೆ ಅದನ್ನು ಮುಟ್ಟುತ್ತಲೇ ಇರಲಿಲ್ಲ."

ನನ್ನ ಮುಖ ಸಣ್ಣದಾಯಿತು. ಅಷ್ಟರಲ್ಲಿ ಅವರು ಬಗ್ಗಿ ಅಂಚು ಹಿಡಿದು ನೋಡಿದರು. "ಈ ಅಂಚು ಯಾರ ಯೋಚನೆ?"

"ಯೋಚನೆ ಎಂತದೂ ಇಲ್ಲ, ಅದು ಪಂಚೆಯದ್ದೇ ಅಂಚು."

"ಮಕ್ಕಳ ಬಟ್ಟೆಗೆ ಇಂಥದೇ ಬಣ್ಣದ ಅಂಚು ಇರುತ್ತಿತ್ತು! ಇದನ್ನು ಮಾತ್ರ ಈ ಬೀದಿಯಲ್ಲಿ ಬೇರೆ ಯಾರೂ ಸರಿ ಮಾಡಿರಲಿಕ್ಕಿಲ್ಲ." ಅಷ್ಟು ಹೊಗಳಿದ ಮೇಲೆಯೇ ಅವರು ಪಂಚೆ ಬಿಚ್ಚಿಸಿದ್ದು. ಮನೆಯವರ ಹಳೆ ಜುಬ್ಬಾ ತರಿಸಿ, ಸೊಂಟಕ್ಕೆ ಹಗ್ಗ ಕಟ್ಟಿದರು. ನಿತ್ಯದ ಉಡುಪು ಹೆಚ್ಚುಕಡಿಮೆ ಅದೇ ಅಂತೆ. ಮೇಧಾ ಓಡುತ್ತ ಹೋದಳು, ಪಂಚೆ ಕ್ಷೇಮವಾಗಿ ಕಪಾಟಿಗೆ ಮರಳಿತು. ತಿದ್ದುವಾಗ ಎದುರಿನವರಿಗೆ ಹಿಡಿದು ನಿಲ್ಲಲು ಒಂದು ಸರಿಯಾದ್ದನ್ನು ಕೈಯಲ್ಲಿಟ್ಟು ತಿದ್ದುವ ಈ ಗುಣ ನನಗೆ ಇನ್ನೂ ಬಂದಿಲ್ಲ, ಕೇಳಿದರೆ ಮಗಳೇ ಹೇಳಿಯಾಳು.

ನಮ್ಮ ಅಡುಗೆಮನೆಯ ಮೂಲೆಯಲ್ಲಿ ಕೃಷ್ಣನ ಸಣ್ಣ ಗೂಡು ಇದೆ. ಅನ್ನ ಇಳಿಸಿದ ಮೇಲೆ ಒಂದು ಸೌಟು ಮೊದಲು ಅಲ್ಲಿಗೆ. ಅದನ್ನು ಮೊದಲ ಸಲ ಕಂಡ ದಿನ ಹಾನೆಕಮ್ಮ ಕುರ್ಚಿ ಎಳೆದು ಕುಳಿತೇಬಿಟ್ಟರು. ರೋಮನ್ನರ ಮನೆಗಳಲ್ಲಿಯೂ ಎಷ್ಟೋ ಕಡೆ ಒಲೆಯ ಹತ್ತಿರವೇ ಮನೆದೇವರ ಗೂಡು, ಊಟದಲ್ಲಿ ಅದಕ್ಕೊಂದು ಪಾಲು ಇರುತ್ತಿತ್ತಂತೆ. "ಹಾಗಾದರೆ ಅವರೂ ನಮ್ಮ ಹಾಗೆಯೇ!" ಎಂದೆ ಸಂತೋಷದಿಂದ. ಅವರು ಬೆರಳೆತ್ತಿದರು. "ಹೋಲುತ್ತದೆ ಅನ್ನು. ಹಾಗೆಯೇ ಅನ್ನಬೇಡ. ಅವರ ಮನಸ್ಸಿನೊಳಗೆ ಏನಿತ್ತು ಅಂತ ನನಗೂ ಗೊತ್ತಿಲ್ಲ." ತಮಗೆ ಪ್ರಿಯವಾದದ್ದಕ್ಕೂ ಒಂದು ಕಾಳು ಹೆಚ್ಚು ಹಾಕದ ತಕ್ಕಡಿ ಅವರದು.

ಅಂಥವರಿಗೆ ಮ್ಯೂಸಿಯಮ್ಮಿನಲ್ಲಿ ಕಷ್ಟ ಬಂತು. ಹೊಸ ಮೇಲ್ವಿಚಾರಕ ಬಾಸ್ ಎಂಬ ಹುಡುಗ ಕೆಟ್ಟವನಲ್ಲ. ಜನ ಬರುವುದು ಕಡಿಮೆಯಾಗಿದೆ ಎಂಬ ಚಿಂತೆ ಅವನಿಗೆ. ಮುಂದಿನ ಹಾಲಿನಲ್ಲಿ ಸೋಫಾ ಹಾಕಿಸಿದ, ದ್ರಾಕ್ಷಿ ಗೊಂಚಲು ತೂಗಿಸಿದ, ಬಂದವರು ಸುತ್ತಿಕೊಳ್ಳಲು ಬಿಳಿ ಹೊದಿಕೆ ಇಡಿಸಿದ. ಪಕ್ಕದಲ್ಲಿ ಒಂದು ವಾಂತಿ ಬಕೆಟ್ ಇಟ್ಟ. ಮಕ್ಕಳು ಅದರೊಳಗೆ ತಲೆ ತೂರಿಸಿ ಫೋಟೋ ತೆಗೆಸಿಕೊಳ್ಳಲಿ ಎಂದು. ಶನಿವಾರ ಹಾನೆಕಮ್ಮನೂ ಹೊದಿಕೆ ಸುತ್ತಿಕೊಂಡು ಅಲ್ಲಿ ನಿಲ್ಲಬೇಕು.

"ಬಕೆಟ್ ಇದ್ದರೆ ನಾನಿಲ್ಲ ಅಂದೆ. ಹಾಗಾದರೆ ನೀವು ಬರಬೇಡಿ ಅಂದ" ಎಂದು ನಮ್ಮ ಮನೆಯಲ್ಲಿ ಕುಳಿತು ಹೇಳಿದರು. ಶನಿವಾರವೇ ಕೈತಪ್ಪಿದರೆ ಅವರಿಗೆ ಏನು ಉಳಿಯುತ್ತದೆ ಎಂದು ನನಗೆ ಗೊತ್ತಿತ್ತು. "ಒಂದು ಭಾನುವಾರ ಕೊಡು, ನಿಜವಾದ ಊಟ ಬಡಿಸಿ ತೋರಿಸುತ್ತೇನೆ, ಜನ ಕುಳಿತು ಕೇಳುತ್ತಾರೋ ಇಲ್ಲವೋ ನೋಡು ಅಂದಿದ್ದೇನೆ. ಒಪ್ಪಿದ್ದಾನೆ. ಬ್ಯೂರ್‌ವ್ರೌ, ಅಡುಗೆಗೆ ನೀನು ಬರುತ್ತೀಯಾ?"

ಬರುವುದಿಲ್ಲ ಎನ್ನಲು ಸಾಧ್ಯವೇ? ಹಿಂದಿನ ದಿನವೇ ತರಕಾರಿ ತಂದು ಹರಡಿದೆ. ಅವರು ಬಂದು ಒಂದೊಂದಾಗಿ ಬದಿಗೆ ಸರಿಸಿದರು.

"ಟೊಮೆಟೊ ಇಲ್ಲ. ಆಲೂಗಡ್ಡೆ ಇಲ್ಲ. ಮೆಕ್ಕೆಜೋಳ ಇಲ್ಲ. ಇವೆಲ್ಲ ಸಮುದ್ರದ ಆಚೆ ದಡದವು, ಅವರು ಕಂಡೇ ಇಲ್ಲ."

"ಒಗ್ಗರಣೆಗೆ ಒಣಮೆಣಸು?"

"ಅದೂ ಆಚೆ ದಡದ್ದೇ."

"ಮೆಣಸು ಕೂಡ ಇಲ್ಲವಾ? ಮತ್ತೆ ಎಂತ ತಿಂದರು ಮಾರಾಯ್ರೇ, ಮಣ್ಣಾ?"

ಅವರು ನನ್ನ ಸಾಂಬಾರ ಡಬ್ಬಿಯ ಮುಚ್ಚಳ ತೆಗೆದರು. ಸಾಸಿವೆ ಇರಲಿ, ಜೀರಿಗೆ ಇರಲಿ, ಕೊತ್ತಂಬರಿ ಇರಲಿ. ಅರಿಶಿನ ಅನುಮಾನ, ಬೇಡ. ಕಾಳುಮೆಣಸಿಗೆ ಬಂದಾಗ ನಾಲ್ಕು ಕಾಳು ಅಂಗೈಗೆ ಹಾಕಿಕೊಂಡು, "ಇದು ನಿಮ್ಮ ಕರಾವಳಿಯಿಂದಲೇ ಹಡಗಿನಲ್ಲಿ ಹೋಗುತ್ತಿತ್ತು. ಉಳ್ಳವರು ಬಹಳ ಇಷ್ಟಪಡುತ್ತಿದ್ದರು" ಎಂದರು. ಇಂಗಿನ ಡಬ್ಬಿ ಮೂಸಿ ಕಣ್ಣು ಮುಚ್ಚಿದರು. ಅದೂ ರೋಮನ್ನರ ಅಡುಗೆಯಲ್ಲಿ ಇತ್ತಂತೆ! ಇಲ್ಲಿನ ಜನ ಕಿಟಕಿ ತೆರೆಯುವಂತೆ ಮಾಡುವ ನನ್ನ ಇಂಗಿಗೆ ಅಂದು ಮರ್ಯಾದೆ ಸಿಕ್ಕಿತು. ಮೀನಿನ ರಸ ಮಾತ್ರ ಅವರು ಎಲ್ಲದಕ್ಕೂ ಹಾಕುತ್ತಿದ್ದರಂತೆ. ನನ್ನ ಮುಖ ನೋಡಿ, "ಉಪ್ಪು ಸಾಕು" ಎಂದು ಹಾನೆಕಮ್ಮ ತಾವೇ ಬಿಟ್ಟುಕೊಟ್ಟರು.

ಭಾನುವಾರ ಗೋಧಿ ನುಚ್ಚಿನ ಗಂಜಿ, ಇಂಗು ಜೀರಿಗೆ ಬಿದ್ದ ಮಸೂರ ಬೇಳೆ, ಎಲೆಕೋಸು, ಅಂಜೂರ. ಮರದ ಬೆಂಚು, ಮಣ್ಣಿನ ಬಟ್ಟಲು. ಜನ ಬಂದರು, ಬೆಂಚು ತುಂಬಿತು. ಹಾನೆಕಮ್ಮ ಸೌಟು ಹಿಡಿದು ಮಾತಾಡಿದರು. ಒರಗಿಕೊಂಡು ಉಣ್ಣುತ್ತಿದ್ದವರು ಕೆಲವೇ ಶ್ರೀಮಂತರು, ಉಳಿದವರು ಹೀಗೆಯೇ ಕುಳಿತು ಉಣ್ಣುತ್ತಿದ್ದರು. ಊರಿನ ಬಾಡಿಗೆ ಕೋಣೆಗಳಲ್ಲಿ ಎಷ್ಟೋ ಜನರಿಗೆ ಒಲೆಯೇ ಇರಲಿಲ್ಲ, ಬೀದಿಯ ಅಂಗಡಿಯ ಬಿಸಿ ಅಡುಗೆಯೇ ಗತಿ. ನಾವು ಬೆಳ್ಳಗೆ ನೋಡುವ ಅವರ ಮೂರ್ತಿಗಳಿಗೆ ಆಗ ಢಾಳಾಗಿ ಬಣ್ಣ ಬಳಿದಿರುತ್ತಿತ್ತು.

ಹಿಂದಿನ ಬೆಂಚಿನ ಒಬ್ಬ ಕೂಗಿದ, "ಇದೆಲ್ಲ ಇರಲಿ ಮೇವ್ರೌ, ಬಕೆಟ್ ಎಲ್ಲಿ?"

ಅವರಿಗೆ ಸಿಟ್ಟು ಬರಲಿಲ್ಲ. "ನಿಮ್ಮ ಬಟ್ಟಲಲ್ಲಿ ಇರುವುದನ್ನು ನೋಡಿ, ಮೆನೇರ್. ಉತ್ತು, ಬಿತ್ತಿ, ಬೀಸುಕಲ್ಲಿನಲ್ಲಿ ಬೀಸಿ, ಕಟ್ಟಿಗೆ ತಂದು ಬೇಯಿಸಿದ್ದು. ಮುಂದಿನ ವರ್ಷ ಬೆಳೆ ಬಂದೀತೋ ಇಲ್ಲವೋ ಎಂದು ಆಕಾಶ ನೋಡುತ್ತಿದ್ದ ಜನ, ಇದನ್ನು ಬಕೆಟ್ಟಿಗೆ ಹಾಕುತ್ತಿದ್ದರು ಅನ್ನುತ್ತೀರಾ?"

ಅವನು ಬಟ್ಟಲು ನೋಡಿದ. ಮತ್ತೆ ಬೇಳೆ ಹಾಕಿಸಿಕೊಂಡ. ನನ್ನ ಕೈ ತಾನಾಗಿ ಮುಗಿದುಕೊಂಡಿತು. ಅನ್ನದ ಬಗ್ಗೆ ನಮ್ಮಮ್ಮ ಹೇಳುತ್ತಿದ್ದುದನ್ನೇ ಈ ತಣ್ಣನೆಯ ನದಿಯ ದಡದಲ್ಲಿ ಕೇಳುತ್ತಿದ್ದೆ.

ಅಷ್ಟಾದರೂ ಬಾಸ್ ಪೂರ್ತಿ ಸೋಲಲಿಲ್ಲ. ಬಕೆಟ್ ತೆಗೆಸಿದ. ಸೋಫಾ, ದ್ರಾಕ್ಷಿ, ಹೊದಿಕೆ ಮುಂದಿನ ಹಾಲಿನಲ್ಲಿ ಉಳಿದವು. ಹಾನೆಕಮ್ಮನಿಗೆ ಶನಿವಾರದ ಮಕ್ಕಳು ಸಿಕ್ಕರು, ಆದರೆ ಹಿಂದಿನ ಅಡುಗೆಕೋಣೆಯಲ್ಲಿ ಮಾತ್ರ. ನನಗೆ ಅನ್ಯಾಯ ಅನಿಸಿತು. ಅವರು ಮಾತ್ರ ರೈಲಿನಲ್ಲಿ ಮೊಣಕಾಲು ತಟ್ಟಿಕೊಂಡು ನಕ್ಕರು. "ಅಡುಗೆಮನೆಯನ್ನೇ ಕೊಟ್ಟುಬಿಟ್ಟ, ಪಾಪ! ಮನೆಯಲ್ಲಿ ಜನ ಇರುವ ಜಾಗವೇ ಅದು ಅಂತ ಅವನಿಗೆ ಇನ್ನೂ ಗೊತ್ತಿಲ್ಲ."

ಅಂದಿನಿಂದ ಶನಿವಾರ ಅವರ ಜೊತೆ ನಾನೂ ಹೋಗತೊಡಗಿದೆ. ಗಂಜಿ ಕಾಯಿಸುವುದು, ಬಟ್ಟಲು ತೊಳೆಯುವುದು ನನ್ನ ಕೆಲಸ. ಮಾತೆಲ್ಲ ಅವರದು. ಮನೆಯಲ್ಲೇ ಕುಳಿತು ಊರು ನೆನೆದು ಅಳುತ್ತಿದ್ದ ನನಗೆ ದೇವರು ಹೊರಗೆ ಹೋಗಲು ಒಂದು ನೆಪ ಕೊಟ್ಟ ಎಂದೇ ನಂಬಿದ್ದೇನೆ.

ಎರಡು ಚಳಿಗಾಲ ಹೀಗೆ ಕಳೆಯಿತು. ಮೂರನೆಯದರ ಆರಂಭದಲ್ಲಿ ಒಂದು ದಿನ ಬೇಲಿಯ ಆಚೆಯಿಂದ, ನಾಳೆ ಕಸದ ಗಾಡಿ ಬರುತ್ತದೆ ಎನ್ನುವಷ್ಟೇ ಸಹಜವಾಗಿ ಹೇಳಿದರು, "ಬ್ಯೂರ್‌ವ್ರೌ, ಹೊಟ್ಟೆಯಲ್ಲಿ ಕ್ಯಾನ್ಸರ್. ಔಷಧಿ ಮಾಡಿ ಪ್ರಯೋಜನ ಇಲ್ಲವಂತೆ. ಶನಿವಾರ ಗಂಜಿಗೆ ನುಚ್ಚು ತರಲಿಕ್ಕೆ ಮರೆಯಬೇಡ." ನಾನು ಒಳಗೆ ಬಂದು ಕೃಷ್ಣನ ಎದುರು ಕುಳಿತು ಅತ್ತೆ. ಶನಿವಾರ ನುಚ್ಚು ತೆಗೆದುಕೊಂಡು ಹೋದೆ.

ಕೊನೆಯ ಸಲ ಅವರು ಬಂದ ಶನಿವಾರ ನಿಲ್ಲಲು ಶಕ್ತಿಯಿರಲಿಲ್ಲ, ಮುಕ್ಕಾಲಿಯ ಮೇಲೆ ಕುಳಿತೇ ಮಾತಾಡಿದರು. ಎರಡು ಜಡೆಯ ಒಬ್ಬಳು ಹುಡುಗಿ ಕೈಯೆತ್ತಿ, "ಆಗಿನವರೆಲ್ಲ ಮೂವತ್ತೈದಕ್ಕೇ ಸಾಯುತ್ತಿದ್ದರಂತೆ, ಹೌದಾ?" ಎಂದು ಕೇಳಿದಳು.

"ನೋಡಿದವರು ಯಾರು?" ಎಂದರು ಹಾನೆಕಮ್ಮ. ಮಕ್ಕಳು ನಕ್ಕರು. "ಪುಟ್ಟ ಮಕ್ಕಳು ಬಹಳ ಸಾಯುತ್ತಿದ್ದವು. ಅವನ್ನೂ ಸೇರಿಸಿ ಸರಾಸರಿ ತೆಗೆದರೆ ಹಾಗೆ ಕಾಣುತ್ತದೆ. ಆ ಎಳೆಯ ವಯಸ್ಸು ದಾಟಿದವರಲ್ಲಿ ನನ್ನ ಹಾಗೆ ಮುದುಕಿಯರಾದವರೂ ಇದ್ದರು, ಮೊಮ್ಮಕ್ಕಳಿಗೆ ಗಂಜಿ ಕಲಸಿ ಬೈಯುತ್ತಿದ್ದರು."

"ಮತ್ತೆ ನೀನು ಎಷ್ಟು ದಿನ ಇರುತ್ತೀ?"

ಟೀಚರು ಗಾಬರಿಯಾಗಿ ಹುಡುಗಿಯ ಭುಜ ಹಿಡಿದರು. ಹಾನೆಕಮ್ಮ ಕೈಯಾಡಿಸಿ ಅವರನ್ನು ತಡೆದರು. "ಬೇಸಿಗೆ ನೋಡಲಿಕ್ಕಿಲ್ಲ, ಮಗು. ಕಾಯಿಲೆ ಇದೆ. ಆದರೆ ನಾನು ಪೂರ್ತಿ ಮುದುಕಿಯಾಗಿದ್ದೇನೆ, ನನಗೇನೂ ಕಡಿಮೆಯಾಗಿಲ್ಲ. ಈಗ ತಿನ್ನು, ತಣ್ಣಗಾಗುತ್ತದೆ."

ಹುಡುಗಿ ತಲೆಯಾಡಿಸಿ ತಿಂದಳು. ಆ ಮಗುವಿಗೂ ಅವರು ಸುಳ್ಳು ಹೇಳಲಿಲ್ಲ.

ಹೂವಿನ ಗಿಡಗಳು ಚಿಗುರುವ ಮೊದಲೇ ಹಾನೆಕಮ್ಮ ಹೋದರು. ಅದರ ಮುಂದಿನ ಶನಿವಾರ ಬಾಸ್ ನನಗೆ ಫೋನ್ ಮಾಡಿ, ಒಂದು ತರಗತಿ ಬರುತ್ತದೆ, ಬೇಡವೆಂದರೆ ಮುಂದಿನ ಹಾಲಿಗೇ ಕಳಿಸುತ್ತೇನೆ ಎಂದ. "ಬೇಡ, ಹಿಂದಿನ ಅಡುಗೆಕೋಣೆಗೇ ಕಳಿಸು" ಎಂದೆ. ನನ್ನ ಅರೆಬರೆ ಡಚ್ಚಿನಲ್ಲಿ ಬಡಿಸುತ್ತ, ಗೊತ್ತಿದ್ದಷ್ಟು ಹೇಳಿದೆ. ಕನ್ನಡಕದ ಒಬ್ಬಳು ಕೇಳಿದಳು, "ರೋಮನ್ ಮಕ್ಕಳಿಗೆ ಬೆಳಗ್ಗೆ ಗಂಜಿಯ ಜೊತೆ ಹಾಲು ಕೊಡುತ್ತಿದ್ದರಾ?"

ಕೊಡುತ್ತಿದ್ದರು ಎಂದಿದ್ದರೆ ಅವಳು ನಂಬುತ್ತಿದ್ದಳು. ಅಲ್ಲಗಳೆಯುವವರು ಅಲ್ಲಿ ಯಾರೂ ಇರಲಿಲ್ಲ.

"ನನಗೆ ಗೊತ್ತಿಲ್ಲ, ಮಗಾ" ಎಂದು ಹೇಳಿ, ಅವಳ ಬಟ್ಟಲಿಗೆ ಇನ್ನೊಂದು ಸೌಟು ಗಂಜಿ ಹಾಕಿದೆ.