‘ಅಲ್ಲೂ’ ಎಂಬ ಮಾತಿನ ಅರ್ಥ

ಶಂಕ್ರಪ್ಪ ವಕೀಲರ ಮಾತನ್ನು ಪೊಲೀಸ್ ಅಮೀನನಿಗೆ ಬಿಡಿಸಿ ಹೇಳಿದವನು ನಾನು. ಚಹಾದಂಗಡಿಯ ಖಾಜಾಸಾಬ ಅಲ್ಲ. ಇಷ್ಟು ವರ್ಷ ಕೊಪ್ಪಳದಲ್ಲಿ ಖಾಜಾಸಾಬನ ಹೆಸರು ಹೇಳಿ ಉಗುಳಿದವರು — ಉಗುಳುವುದನ್ನು ಕಂಡೂ ನಾನು ಸುಮ್ಮನೆ ದಾಟಿ ಹೋಗಿದ್ದೇನೆ — ಅವರೆಲ್ಲ ತಪ್ಪು ಮನುಷ್ಯನ ಮೇಲೆ ಉಗುಳಿದ್ದಾರೆ.

ನಾನು ನಿಂತಿದ್ದ ಜಾಗವನ್ನು ಮೊದಲು ಹೇಳುತ್ತೇನೆ. ೧೯೪೪ನೇ ಇಸವಿ. ಮಾನವಮಿ ಮುಗಿದಿತ್ತು, ದೀಪಾವಳಿ ಬಂದಿರಲಿಲ್ಲ. ದೀಪ ಹಚ್ಚುವ ಹೊತ್ತು. ಸ್ಟೇಶನ್ನಿಗೆ ಹೋಗುವ ದಾರಿಯಲ್ಲಿ ಖಾಜಾಸಾಬನ ಅಂಗಡಿ, ಅದರ ಮುಂದೆ ತಗಡಿನ ಚಪ್ಪರ. ಚಪ್ಪರದ ಎಡಗಡೆಯ ಕಂಬಕ್ಕೆ ಒರಗಿ ನಿಂತಿದ್ದೆ — ಒಂದು ಕಾಲು ನೆರಳಿನೊಳಗೆ, ಒಂದು ಕಾಲು ರಸ್ತೆಯ ಮೇಲೆ. ದಿನಾಲು ಹಾಗೆಯೇ ನಿಲ್ಲುತ್ತಿದ್ದೆ. ನಮ್ಮ ಮನೆಯಲ್ಲಿ ಸಾಬರ ಅಂಗಡಿಯ ಚಹಾ ನಡೆಯುತ್ತಿರಲಿಲ್ಲ. ಒಳಗೆ ಕೂತರೆ ಕುಡಿಯಬೇಕು. ನಿಂತರೆ ಬರೀ ಕೇಳಬಹುದು.

ಕೇಳುವುದು ವಕೀಲರ ಮಾತನ್ನು. ಮದ್ರಾಸಿನಿಂದ ಇಂಗ್ಲಿಷ್ ಪತ್ರಿಕೆ ರೈಲಿನಲ್ಲಿ ಬರುತ್ತಿತ್ತು. ಶಂಕ್ರಪ್ಪ ವಕೀಲರು ಕೋರ್ಟು ಮುಗಿಸಿ, ಪತ್ರಿಕೆ ಹಿಡಿದು, ಅಂಗಡಿಯ ಬಾಕಿನ ಮೇಲೆ ಕೂತು, ಕನ್ನಡದಲ್ಲಿ ಹೇಳುತ್ತ ಹೋಗುತ್ತಿದ್ದರು. ಕೊಪ್ಪಳ ಆಗ ಹೈದರಾಬಾದ್ ಸಂಸ್ಥಾನದೊಳಗಿನ ಜಹಗೀರು. ಇಲ್ಲಿನ ರಾಜಕೀಯದ ಬಗ್ಗೆ ನಾಲ್ಕು ಜನರ ಮುಂದೆ ಬಾಯಿಬಿಡಬೇಕಾದರೆ ಪರವಾನಗಿ ಬೇಕು. ಆದರೆ ಯುದ್ಧದ ಸುದ್ದಿ ಓದಬಹುದಿತ್ತು — ಇಲ್ಲಿನ ಸರಕಾರವೂ ಇಂಗ್ಲಿಷರ ಪಕ್ಷದ್ದೇ. ಅಮೇರಿಕಾ ದೋಸ್ತ ದೇಶ. ಹಾಗಾಗಿ ವಕೀಲರು ಅಮೇರಿಕಾವನ್ನೇ ಓದುತ್ತಿದ್ದರು.

ಅವರು ಖಾದಿ ಹಾಕಿದವರಲ್ಲ, ಯಾವ ಸಂಘಕ್ಕೂ ಸೇರಿದವರಲ್ಲ. ಹುಡುಗರು ಕೆಣಕಿದರೆ, "ನಾ ಉದಾರವಾದಿ ಅದೀನಪಾ. ಅಂದ್ರ ಎರಡೂ ಕಡಿಯವರಿಗೆ ಬೈಯಾಕ ಅನುಕೂಲ ಆಗೂವಂಥ ಜಾಗಾದಾಗ ಕುಂತಾಂವ" ಅನ್ನುತ್ತಿದ್ದರು.

ಅವರ ಮಾತಿನ ರೀತಿ ಹೀಗಿತ್ತು. ಒಂದು ದಿನ ಓದಿದರು — ಅಮೇರಿಕಾದ ಪಡುವಣ ಸೀಮೆಯಲ್ಲಿ ಜಪಾನಿ ಮೂಲದ ಜನರನ್ನೆಲ್ಲ, ಅಲ್ಲಿಯೇ ಹುಟ್ಟಿದವರನ್ನೂ, ಮನೆ ಬಿಡಿಸಿ ತಂತಿಬೇಲಿಯೊಳಗೆ ಇಟ್ಟಿದ್ದಾರೆ. ಹತ್ತಿಯ ದಲಾಲಿ ಈರಪ್ಪ ಕೇಳಿದ: "ಏನ್ ಮಾಡಿದ್ರಂತರೀ ಅವರು?"

"ಏನೂ ಮಾಡಿಲ್ಲ."

"ಮತ್ತ?"

"ಅದಽ ಅನುಮಾನ ಅಂತ. ಇಷ್ಟ ದಿನಾ ಏನೂ ಮಾಡಿಲ್ಲಂದ್ರ ಏನೋ ಮಾಡಾವರಽ ಇರಬೇಕು." ಕನ್ನಡಕ ತೆಗೆದು, ಒರೆಸಿಕೊಂಡು, ಮೆಲ್ಲಗೆ ಸೇರಿಸಿದರು: "ಅಲ್ಲೂ!"

ಜನ ಹೊಟ್ಟೆ ಹಿಡಿದು ನಕ್ಕರು. ಆಮೇಲೆ ಅದೇ ರೂಢಿಯಾಯಿತು. ಎಷ್ಟೇ ಉದ್ದ ಓದಿದರೂ ಕೊನೆಗೆ ಆ ಒಂದೇ ಮಾತು — ಅಲ್ಲೂ. ಅದರಾಚೆ ಒಂದಕ್ಷರ ಇಲ್ಲ. ಕೆಲವರು ಅದೊಂದನ್ನು ಕೇಳಲೆಂದೇ ಹಿಟ್ನಾಳದಿಂದ ಬಂದು ಕೂಡುತ್ತಿದ್ದರು.

ಇನ್ನೊಂದು ದಿನದ್ದನ್ನು ಬರೆಯಲೇಬೇಕು. ಗಾಯಾಳು ಸೈನಿಕರಿಗೆ ರಕ್ತ ಕೊಡಿರಿ ಎಂದು ಅಲ್ಲಿ ಕರೆ ಕೊಟ್ಟರಂತೆ. ಕರಿಯರೂ ಹೋಗಿ ಕೊಟ್ಟರಂತೆ. ಅವರ ರಕ್ತವನ್ನು ಬೇರೆಯಾಗಿ ಇಟ್ಟರಂತೆ — ಬಿಳಿಯನ ಮೈಗೆ ಹೋಗದಂತೆ. "ಸ್ವಾತಂತ್ರ್ಯಕ್ಕಾಗಿ ಕಾಳಗ ನಡದೈತಿ. ಗುಂಡಿಗೆ ಮಡಿ-ಮೈಲಿಗಿ ಇಲ್ಲ. ಬಾಟಲಿಗೆ ಐತಿ" ಅಂದರು ವಕೀಲರು. ನಗೆ ಎದ್ದಿತು. ಆಗ ಅವರು ಅಂಗಡಿಯ ಹೊರಗಿನ ಕಟ್ಟೆಯ ಕಡೆ ತಿರುಗಿದರು. ಕೇರಿಯವರಿಗೆಂದು ಬೇರೆ ಇಟ್ಟ ಕಿವಿ ಮುರಿದ ಕಪ್ಪುಗಳು ಅಲ್ಲಿ ಬೋರಲು ಬಿದ್ದಿದ್ದವು. ಅವನ್ನು ನೋಡಿದರು, ಆಮೇಲೆ ಕಂಬಕ್ಕೆ ಒರಗಿ ನಿಂತ ನನ್ನನ್ನು ನೋಡಿದರು. "ಅಲ್ಲೂ" ಅಂದರು. ಆ ದಿನ ನಗೆ ಅರ್ಧಕ್ಕೆ ನಿಂತಿತು. ಖಾಜಾಸಾಬ ತಲೆ ತಗ್ಗಿಸಿ ಒಲೆ ಊದಿದ. ನಾನು ರಸ್ತೆಯ ಕಡೆ ಮುಖ ತಿರುಗಿಸಿದೆ.

ಇಷ್ಟು ಬೈದರೂ ಆ ದೇಶದ ಮೇಲೆ ಅವರಿಗೆ ಏನೋ ಮೋಹ. ಈರಪ್ಪ ಒಮ್ಮೆ ಚುಚ್ಚಿದ: "ವಕೀಲ್ರ, ಅಷ್ಟ್ ಕೆಟ್ಟ ದೇಶಾ ಇದ್ರ ದಿನಾ ಯಾಕ ಅದರ ಜಪಾ ಮಾಡ್ತೀರಿ?"

"ಕೆಟ್ಟೈತಿ ಅಂತ ನನಗ ಹೆಂಗ ಗೊತ್ತಾತು ಹೇಳು? ಅವರಽ ಬರದು, ಅವರಽ ಅಚ್ಚು ಹಾಕಿ, ಜಗತ್ತಿಗೆಲ್ಲಾ ಮಾರ್ಯಾರ. ಅದನ್ನ ಕಂಡ್ರ ನನಗ ಹೊಟ್ಟಿಕಿಚ್ಚು ಆಗತೈತಿ, ಈರಪ್ಪ."

ಈಗ ಆ ಸಂಜೆ. ಯುದ್ಧದ ನಡುವೆಯೇ ಅಮೇರಿಕಾದಲ್ಲಿ ಚುನಾವಣೆ ಬಂದಿತ್ತು. ಅಧ್ಯಕ್ಷರು ನಾಲ್ಕನೆಯ ಸಲ ನಿಂತಿದ್ದರು. ವಕೀಲರು ವಿವರಿಸಿದರು: "ಅವರ ಕಡಿಯವರು ಏನಂತಾರಂದ್ರ — ನಡುಹೊಳ್ಯಾಗ ಕುದರಿ ಬದಲ ಮಾಡಬಾರದು ಅಂತ. ಖರೇನಽ. ಆದ್ರ ಕುದರಿ ಮ್ಯಾಲೆ ಕುಂತಾಂವಗ ಹೊಳಿ ಸಣ್ಣದಾಗೂದು ಬೇಕಾಗಿರತೈತೇನು? ಹೊಳಿ ಮುಗಿಯಾಂಗಿಲ್ಲ, ಸವಾರ ಇಳಿಯಾಂಗಿಲ್ಲ." ತಡೆದರು. ಎಲ್ಲರೂ ಕಾಯುತ್ತಿದ್ದರು. "ಅಲ್ಲೂ!"

ಅಂಥ ನಗೆಯನ್ನು ನಾನು ಅಲ್ಲಿ ಮೊದಲು ಕೇಳಿರಲಿಲ್ಲ. ಈರಪ್ಪ ಬಾಕಿನಿಂದ ಎದ್ದು ನಿಂತು ನಕ್ಕ. ನಾನೂ ನಕ್ಕೆ.

ಅಮೀನ ಆ ಹೊತ್ತಿಗೆ ಸ್ಟೇಶನ್ನಿನಿಂದ ಬರುತ್ತಿದ್ದ. ಹೈದರಾಬಾದಿನ ಕಡೆಯವನು, ನಯದ ಮಾತಿನವನು, ಶಾಯರಿಯ ಹುಚ್ಚಿನವನು. ಕನ್ನಡ ತಿಳಿಯುತ್ತಿತ್ತು, ಆದರೆ ಮೇಲೆ ಮೇಲೆ. ಜನ ಚದುರಿದ ಮೇಲೆ, ಖಾಜಾಸಾಬ ನೀರು ತರಲು ಹೋದಾಗ, ಕಂಬದ ಹತ್ತಿರ ಬಂದ. ಕಚೇರಿಯಲ್ಲಿ ಉರ್ದು ಕಾಗದ ಬರೆಯುವ ಕೆಲಸ ನನ್ನದು. ಊರೆಲ್ಲ ನನ್ನನ್ನು ಮುನಶಿ ಎಂದೇ ಕರೆಯುತ್ತಿತ್ತು. ಅವನಿಗೆ ನನ್ನ ಪರಿಚಯವಿತ್ತು. ಉರ್ದುವಿನಲ್ಲಿ ಕೇಳಿದ — ಮುನಶಿಜಿ, ಇಡೀ ಅಂಗಡಿ ನಕ್ಕಿತು, ನನಗೊಬ್ಬನಿಗೇ ತಿಳಿಯಲಿಲ್ಲ. ಅಮೇರಿಕಾದ ಚುನಾವಣೆಯಲ್ಲಿ ನಗುವಂಥದ್ದೇನಿದೆ?

ಬೆದರಿಕೆ ಇರಲಿಲ್ಲ. ಇದನ್ನು ಸ್ಪಷ್ಟ ಬರೆಯಬೇಕು — ಬೆದರಿಕೆ ಇದ್ದಿದ್ದರೆ ನನಗೆ ಇವತ್ತು ಹೇಳಿಕೊಳ್ಳಲು ಏನಾದರೂ ಇರುತ್ತಿತ್ತು. ಅವನು ನಗುತ್ತ ಕೇಳಿದ. "ಏನಿಲ್ಲ ಜನಾಬ್, ಕುದರಿ ಸವಾರರ ಮಾತು" ಅಂದುಬಿಟ್ಟಿದ್ದರೆ ಮುಗಿದಿತ್ತು. ಆದರೆ ಆ ಒಂದು ದೀರ್ಘ ಸ್ವರದ ಗುಟ್ಟು ನನಗೆ ಗೊತ್ತಿತ್ತು, ಅವನಿಗೆ ಗೊತ್ತಿರಲಿಲ್ಲ. ಅದನ್ನು ಅವನ ಭಾಷೆಯಲ್ಲಿ ಅವನಿಗಿಂತ ಚಂದ ಹೇಳಬಲ್ಲೆ ಎಂಬ — ಅದಕ್ಕೆ ಏನು ಹೆಸರಿಡಲಿ —

"ವಹಾಂ ಭೀ" ಅಂದೆ. ಅಲ್ಲೂ. ಅಲ್ಲಿಗೂ ನಿಲ್ಲಲಿಲ್ಲ. "ಯಾನೀ, ಯಹಾಂ ಭೀ." ಅಂದರೆ, ಇಲ್ಲೂ. ಇಲ್ಲಿದೆ ಎಂದು ಎಲ್ಲರಿಗೂ ಗೊತ್ತಿರುವುದರಿಂದಲೇ ಅಲ್ಲೂ ಅಂತಾರೆ ಜನಾಬ್. ಹೇಳದೇ ಬಿಟ್ಟದ್ದೇ ಅದರ ಸೊಗಸು — ಎಂದು ವಿವರಿಸಿದೆ. ಸವಾರ ಯಾರು ಎಂದು ಅವನು ಕೇಳಲಿಲ್ಲ. ಕೇಳುವ ಅಗತ್ಯ ಉಳಿದಿರಲಿಲ್ಲ.

ಅಮೀನ "ವಾಹ್" ಅಂದ. ಆ "ವಾಹ್" ಕೇಳಿ ನನಗೆ ಸಂತೋಷವಾಯಿತು. ಇದನ್ನೂ ಬಚ್ಚಿಡುವುದಿಲ್ಲ. ಒಲೆಯ ಕಡೆ ಗೋಣಿಚೀಲದ ಪರದೆ ಇತ್ತು. ಅದು ಸ್ವಲ್ಪ ಸರಿದಿತ್ತು. ಅದನ್ನು ಹಿಡಿದ ಹೆಂಗಸಿನ ಕೈ, ಹಸಿರು ಬಳೆ ಕಂಡವು. ಖಾಜಾಸಾಬನ ಹೆಂಡತಿ ಮೆಹಬೂಬಬಿ ಪರದೆಯ ಹಿಂದೆ ಹಾಲು ಕಾಸುತ್ತಿದ್ದರು. ಅವರ ಮನೆಮಾತು ಉರ್ದು.

ವಕೀಲರನ್ನು ಕಚೇರಿಗೆ ಕರೆಸಿದರು. ಪ್ರಶ್ನೆ ಉರ್ದುವಿನಲ್ಲಿ, ಉತ್ತರ ಕನ್ನಡದಲ್ಲಿ, ನಡುವೆ ನಾನು — ತಿರುಗಿಸಿ ಹೇಳುವವನು, ಬರೆದುಕೊಳ್ಳುವವನು. ನಿಮ್ಮ ಮಾತು ಇಲ್ಲಿನ ದೊರೆತನದ ಬಗ್ಗೆಯೋ ಎಂದು ಕೇಳಿದ್ದಕ್ಕೆ ವಕೀಲರು ಹೇಳಿದರು: "ನಾ ಅಮೇರಿಕಾದ ಮಾತಾಡೀನ್ರಿ. ಕೇಳಿ ಇಲ್ಲೀದು ಅಂತ ನಿಮಗ ಅನಸಿದ್ರ, ಅದು ನನ್ನ ಮಾತಲ್ಲ, ನಿಮ್ಮ ಅನುಭವ." ಅಮೀನ ಆಗ ‘ಅಲ್ಲಿ’ ಮತ್ತು ‘ಅಲ್ಲೂ’, ಎರಡರ ಫರಕನ್ನು ತಾನೇ ಹೇಳಿದ. ನಾನು ಕಲಿಸಿದ್ದನ್ನು ಕಲಿಸಿದಂತೆಯೇ ಒಪ್ಪಿಸಿದ. ವಕೀಲರು ಕನ್ನಡಕ ಒರೆಸಿಕೊಂಡರು. "ವ್ಯಾಕರಣ ಛಲೋ ಕಲ್ತೀರಿ ಸಾಹೇಬ್ರ. ಯಾರು ಹೇಳಿಕೊಟ್ರು?" ಅಂದರು. ನನ್ನ ಕಡೆ ನೋಡಲಿಲ್ಲ. ಆ ಪ್ರಶ್ನೆಯನ್ನು ಉರ್ದುವಿಗೆ ತಿರುಗಿಸಿ ಹೇಳಬೇಕಾದದ್ದು ನನ್ನ ಕೆಲಸ. ಹೇಳಲಿಲ್ಲ.

ಅವರ ವಕೀಲಿ ಸನದು ಹೋಯಿತು. ಸಂಸ್ಥಾನದ ಗಡಿ ದಾಟಬೇಕೆಂದು ಹುಕುಂ ಆಯಿತು. ಗದಗಿಗೆ ಹೋದರು, ಅಲ್ಲಿಯೇ, ಯುದ್ಧ ಮುಗಿಯುವ ಮುಂಚೆ, ಜ್ವರದಲ್ಲಿ ತೀರಿಕೊಂಡರು. ಊರು ಯೋಚಿಸಿತು: ಹೇಳಿದವರು ಯಾರು? ಅಂಗಡಿ ಯಾರದು? ಅಮೀನನ ಜೊತೆ ಅವನ ಮಾತಿನಲ್ಲಿ ಮಾತಾಡುವವರು ಯಾರು? ಖಾಜಾಸಾಬ. ಬೇರೆ ಪುರಾವೆ ಯಾರೂ ಕೇಳಲಿಲ್ಲ. ಅಮೀನನ ಮಾತನ್ನು ಅವನಿಗಿಂತ ಚಂದ ಆಡುವವನು ಕಂಬದ ಹತ್ತಿರ ದಿನಾಲು ನಿಂತಿರುತ್ತಿದ್ದ ಎಂಬುದು ಯಾರಿಗೂ ಹೊಳೆಯಲಿಲ್ಲ. ನಾನು ಅವರವನಲ್ಲವೇ.

ಇನ್ನೊಂದು ಮಾತು, ಇದು ಆಮೇಲೆ ಹೊಳೆದದ್ದು. ನಾನು ಅಮೀನನಿಗೆ ಕೊಟ್ಟ ಅರ್ಥವೂ ಪೂರ್ತಿ ಸರಿಯಲ್ಲ. ಅಲ್ಲೂ ಎಂಬ ಮಾತು ಬರೀ ದೊರೆಯ ಕಡೆ ಬೊಟ್ಟು ಮಾಡಿದ್ದಲ್ಲ. ಕಟ್ಟೆಯ ಮೇಲಿನ ಕಪ್ಪಿನ ಕಡೆ, ಕಂಬದ ಕಡೆ, ನಮ್ಮೆಲ್ಲರ ಕಡೆ ಮಾಡಿದ್ದು. ಆ ಭಾಗವನ್ನು ನಾನು ಅನುವಾದಿಸಲಿಲ್ಲ. ಅದು ನನಗೇ ಬೇಡವಾಗಿತ್ತು.

ಸಂಸ್ಥಾನ ಬಿದ್ದ ವರ್ಷ ಊರಿನವರು ವಕೀಲರ ನೆನಪಿಗೆ ಸಭೆ ಮಾಡಿದರು. ಮಾತಾಡಲು ನನ್ನನ್ನೂ ನಿಲ್ಲಿಸಿದರು. ಚಂದ ಮಾತಾಡಿದೆ. ಹಿಂದಿನಿಂದ ಒಬ್ಬ ಕೂಗಿದ: "ಅವರನ್ನ ಹಿಡಕೊಟ್ಟ ಖಾಜ್ಯಾ ಇನ್ನೂ ಇಲ್ಲೇ ಚಹಾ ಮಾರ್ತಾನಲ್ರೀ!" ನನ್ನ ಬಾಯಿ ಆಗ ತೆರೆದೇ ಇತ್ತು. ಮುಚ್ಚಿಕೊಂಡು ಕೂತೆ. ಅಂಗಡಿಯ ತಗಡನ್ನು ಯಾರು ಕಿತ್ತರೋ ನಾನು ನೋಡಲಿಲ್ಲ. ಕಿತ್ತಿದ್ದನ್ನು ಮಾತ್ರ ನೋಡಿದೆ.

ಖಾಜಾಸಾಬ ಊರು ಬಿಡುವ ಮುಂಚೆ ನಮ್ಮ ಮನೆಯ ಮುಂದೆ ಬಂದು ನಿಂತಿದ್ದ. ಕಟ್ಟೆ ಹತ್ತಲಿಲ್ಲ. "ಮುನಶಿ ಸಾಹೇಬ್ರ, ಆ ದಿನ ನೀವು ಅಲ್ಲೇ ಇದ್ರಿ. ಖಾಜಾ ಹೇಳಿಲ್ಲ ಅಂತ ಒಂದ ಮಾತು ಹೇಳ್ರಿ. ಸಾಕು. ಯಾರು ಹೇಳಿದ್ರು ಅಂತ ಹೇಳಬ್ಯಾಡ್ರಿ."

"ನೋಡೋಣು" ಅಂದೆ.

ಕೊನೆಯ ಮಾತನ್ನು ಅವನು ಯಾಕೆ ಸೇರಿಸಿದ ಎಂದು ವರ್ಷಗಟ್ಟಲೆ ಯೋಚಿಸಿದ್ದೇನೆ. ಗಂಗಾವತಿಯಲ್ಲಿ ಅವನು ಸಂತೆಯಲ್ಲಿ ಬಳೆ ಮಾರಿಕೊಂಡಿದ್ದನೆಂದು ಕೇಳಿದೆ, ತೀರಿಕೊಂಡನೆಂದೂ ಕೇಳಿದೆ. ಹೋಗಲಿಲ್ಲ. ಹೋದದ್ದು ಈ ವರ್ಷ — ನೌಕರಿಯಿಂದ ನಿವೃತ್ತನಾಗಿ ಎಷ್ಟೋ ಕಾಲದ ಮೇಲೆ, ಕಳೆದುಕೊಳ್ಳುವುದು ಏನೂ ಉಳಿಯದ ಮೇಲೆ. ಮೆಹಬೂಬಬಿ ಮಗಳ ಮನೆಯ ಪಡಸಾಲೆಯಲ್ಲಿ ಕೂತಿದ್ದರು. ನಾನು ಹೇಳತೊಡಗಿದೆ. ಅರ್ಧಕ್ಕೆ ಕೈ ಎತ್ತಿ ತಡೆದರು.

"ನನಗ್ಯಾಕ ಹೇಳ್ತೀರಿ? ನನಗ ಗೊತ್ತೈತಿ. ನಾ ಅವತ್ತಽ ನಮ್ಮ ಮನಿಯವರಿಗೆ ಹೇಳೀನಿ."

"ಮತ್ತ ಊರಾಗ ಯಾಕ ಹೇಳಲಿಲ್ಲರೀ?"

"ನಾವು ಹೇಳಿದ್ರ ಯಾರು ಕೇಳ್ತಿದ್ರು? ನೀವು ಹೇಳಿದ್ರ ಕೇಳ್ತಿದ್ರು." ಆಮೇಲೆ, ಮಗಳು ತಂದ ಚಹಾವನ್ನು ನನ್ನ ಮುಂದೆ ಸರಿಸಿ: "ಕೊಪ್ಪಳದಾಗ ಹೇಳ್ರಿ."

ಕುಡಿದೆ. ಅದಕ್ಕೆ ಈಗ ಯಾವ ಬೆಲೆಯೂ ಇಲ್ಲ ಎಂದು ಗೊತ್ತು.

ಅದಕ್ಕೇ ಇದನ್ನು ಕೊಪ್ಪಳದವರಿಗೆ ಬರೆದಿದ್ದೇನೆ. ಕ್ಷಮೆ ಕೇಳುತ್ತಿಲ್ಲ; ಕೇಳಬೇಕಾದ ಇಬ್ಬರೂ ಇಲ್ಲ. ನಾನು ಅಮೀನನಿಗೆ ಅರ್ಥ ಹೇಳಿದ ಹೊತ್ತಿನಲ್ಲಿ ಅಲ್ಲಿದ್ದವರು ಮೂರೇ ಜನ. ಅಮೀನ ಸಂಸ್ಥಾನ ಬಿದ್ದ ಮೇಲೆ ಎಲ್ಲಿಗೋ ಹೋದ, ಇದ್ದಾನೋ ಇಲ್ಲವೋ ತಿಳಿಯದು. ಇನ್ನೊಬ್ಬ ನಾನು, ನನ್ನ ಮಾತನ್ನು ಇನ್ನು ನಂಬಬೇಕಾಗಿಲ್ಲ. ಪರದೆ ಸರಿಸಿ ಕಂಡವರು, ಕಿವಿಯಾರೆ ಕೇಳಿದವರು, ಖಾಜಾಸಾಬನ ಹೆಂಡತಿ ಮೆಹಬೂಬಬಿ. ಗಂಗಾವತಿಯಲ್ಲಿದ್ದಾರೆ. ಬದುಕಿದ್ದಾರೆ. ಹೋಗಿ ಕೇಳಿರಿ.