ಗುಡಿಸದೆ ಬಿಟ್ಟ ಮೂಲೆ

ಮೂರು ವಾರದ ಹಿಂದೆ ನಾನೊಂದು ಹಕ್ಕಿಯನ್ನು ಪೊರಕೆಯಿಂದ ಓಡಿಸಿದೆ. ಹೊಡೆದು ಓಡಿಸಲಿಲ್ಲ. ಮರ್ಯಾದೆ ಮಾಡಲು ಹೋಗಿ ಓಡಿಸಿದೆ.

ನವರಂಗದ ವಿಷಯ ಈ ಅಂಕಣದಲ್ಲಿ ಹಿಂದೆಯೂ ಕೊಚ್ಚಿಕೊಂಡಿದ್ದೇನೆ. ಕಡಹಿನಬೈಲಿನ ನಮ್ಮ ಹಿತ್ತಿಲಿಗೆ ಚಳಿಗಾಲದಲ್ಲಿ ಬರುವ ಮೊಂಡುಬಾಲದ ಹಕ್ಕಿ. ಬೆನ್ನು ಹಸಿರು, ರೆಕ್ಕೆಯ ಮೇಲೆ ನೀಲಿ, ಕಣ್ಣಿಗೆ ಅಗಲವಾಗಿ ತೀಡಿದ ಕಾಡಿಗೆ, ಬಾಲದ ಕೆಳಗೆ ಕುಂಕುಮ ಚೆಲ್ಲಿದಂಥ ಕೆಂಪು. ಇಷ್ಟೆಲ್ಲ ತೊಟ್ಟುಕೊಂಡೂ ಕೊಂಬೆಯ ತುದಿಯಲ್ಲಿ ಕೂತು ಮೆರೆಯುವುದಿಲ್ಲ. ಹಲಸಿನ ಮರದ ಬುಡದಲ್ಲಿ ಕುಪ್ಪಳಿಸಿಕೊಂಡು ಹುಳ ಹೆಕ್ಕುತ್ತದೆ. ಇಂಥ ವಿನಯ ಡಿಗ್ರಿ ಆದವರಲ್ಲಿ ಎಲ್ಲಿದೆ? (ನನ್ನನ್ನೂ ಸೇರಿಸಿಯೇ ಕೇಳುತ್ತಿದ್ದೇನೆ.)

ಡಿಗ್ರಿಯೆಂದರೆ ನನಗೆ ಸಣ್ಣ ಮಾತಲ್ಲ. ನಮ್ಮ ವಂಶದಲ್ಲಿ ಮೊದಲ ಬಿ.ಎ. ನಾನು. ನಾಲ್ಕು ವರ್ಷ ಒಂದೇ ಕೋಟು ತೊಟ್ಟು ಮೈಸೂರಿನಲ್ಲಿ ಓದಿದವನು. ಆಗ ನಮಗೆ ಇಂಗ್ಲಿಷ್ ಕಲಿಸಿದ ಪ್ರೊಫೆಸರು ಭಾನುವಾರ ಬಂತೆಂದರೆ ನಮ್ಮನ್ನು ಕೆರೆಯ ಏರಿಗೆ ಕರೆದೊಯ್ದು ಹಕ್ಕಿ ತೋರಿಸುತ್ತಿದ್ದರು. ಅವರಿಂದಲೇ ನನಗೆ ಈ ಹುಚ್ಚು ಹತ್ತಿದ್ದು.

ಈ ಸಲ ಅವರೇ ಕಾಗದ ಬರೆದರು. "ಕಣ್ಣಿನ ಬೆಳಕು ದಿನೇ ದಿನೇ ಇಳಿಯುತ್ತಿದೆ. ಡಾಕ್ಟರು ಕೈಚೆಲ್ಲಿದ್ದಾರೆ. ನವರಂಗವನ್ನು ನಾನು ಪುಸ್ತಕದಲ್ಲಿ ಮಾತ್ರ ನೋಡಿದ್ದೇನೆ. ಬರುವ ಚಳಿಗಾಲದ ಭರವಸೆ ಇಲ್ಲ. ತೋರಿಸುತ್ತೀಯಾ?"

ತೋರಿಸದೆ ಬಿಡುತ್ತೇನೆಯೇ?

ಅವ್ವ ತನ್ನ ತಂಗಿಯ ಮನೆಗೆಂದು ಶೆಟ್ಟಿಕೊಪ್ಪಕ್ಕೆ ಹೋಗಿದ್ದಳು. ನಾನು ಹಿತ್ತಿಲು ನೋಡಿದೆ. ಹಲಸಿನ ಬುಡದಲ್ಲಿ ಮೊಣಕಾಲುದ್ದ ಒಣಗಿದ ಎಲೆ! ಚಳಿಗಾಲದಲ್ಲಿ ನಮ್ಮ ಕಡೆ ಹೆಂಗಸರು ಈ ದರಗನ್ನು ಗುಡಿಸಿ ಕೊಟ್ಟಿಗೆಗೆ ಹಾಸುತ್ತಾರೆ. ಅವ್ವನೂ ಗುಡ್ಡವೆಲ್ಲ ಗುಡಿಸುತ್ತಾಳೆ. ಈ ಮೂಲೆಯನ್ನು ಮಾತ್ರ ಮುಟ್ಟುವುದಿಲ್ಲ. ಪಾಪ, ಸೊಂಟ ಬಗ್ಗದೆಂದುಕೊಂಡೆ. ದೊಡ್ಡ ಮನುಷ್ಯರು ಬರುವಾಗ ಹಿತ್ತಿಲು ಹೀಗಿರಬಹುದೇ? ಕೋಟು ಬಿಚ್ಚಿದೆ. ಕಣದ ಹಾಗೆ ಗುಡಿಸಿದೆ. ದರಗನ್ನೆಲ್ಲ ದನದ ಕಾಲಡಿಗೆ ಹಾಕಿದೆ. ಪ್ರೊಫೆಸರರಿಗೆ ಒಂದು ಕುರ್ಚಿಯನ್ನೂ ಇಟ್ಟೆ.

ಅವರು ಇದ್ದಿಲು ಉರಿಸಿ ಓಡುವ ಬಸ್ಸಿನಲ್ಲಿ ಮೈಯೆಲ್ಲ ಮಸಿಯಾಗಿ ಬಂದಿಳಿದರು. ಮರುದಿನ ಬೆಳಗ್ಗೆ ಕುರ್ಚಿಯಲ್ಲಿ ಕೂತರು. ಸಂಜೆಯೂ ಕೂತರು. ಹಕ್ಕಿ ಬರಲಿಲ್ಲ. ಅದರ ಮರುದಿನವೂ ಇಲ್ಲ. "ಪರವಾಗಿಲ್ಲಪ್ಪ, ಹಿತ್ತಿಲು ಬಹಳ ಚೊಕ್ಕಟವಾಗಿದೆ" ಎಂದರು. ಆ ಮಾತು ಮುಳ್ಳಿನಂತೆ ಚುಚ್ಚಿತು. ನಾಳೆ ಮಧ್ಯಾಹ್ನದ ಬಸ್ಸಿಗೆ ಅವರು ಹೊರಡಬೇಕು.

ಆ ಸಂಜೆ ಅವ್ವ ಬಂದಳು. ಹಿತ್ತಿಲು ನೋಡಿ ತಲೆಯ ಮೇಲೆ ಕೈಯಿಟ್ಟಳು.

"ಎಂತ ಮಾಡಿದ್ಯಾ ಮಾರಾಯ! ಉಣ್ಣಕ್ಕೆ ಕೂತವ್ರ ಮುಂದಿನ ಎಲೆ ಎಳೆದ್ಹಂಗಾಯ್ತಲ್ಲ!"

"ನೀನು ಬೇಕಂತಲೇ ಬಿಟ್ಟಿದ್ದಾ?"

"ಮತ್ತೆಂತ ಸೋಮಾರಿ ಅಂದ್ಕೊಂಡ್ಯಾ? ದರಗಿದ್ರಲ್ವಾ ಅಡೀಗೆ ಹುಳ? ಹುಳ ಇದ್ರಲ್ವಾ ಅದು ಬರದು?"

"ಈಗ ಎರಡು ಬುಟ್ಟಿ ತಂದು ಸುರಿಯಲಾ?"

"ಸುರಿದ ಕೂಡ್ಲೆ ಬರಕ್ಕೆ ಹುಳ ಎಂತ ನಿನ್ನ ನೆಂಟ್ರಾ?"

ಪ್ರೊಫೆಸರು ಮನಸಾರೆ ನಕ್ಕರು. ಎರಡು ದಿನದಲ್ಲಿ ಅವರು ನಕ್ಕದ್ದು ಅದೇ ಮೊದಲು. ಅವ್ವ ಅವರತ್ತ ತಿರುಗಿ, "ಬೆಳಿಗ್ಗೆ ನನ್ನ ಸಂಗಡ ಬನ್ನಿ ಸ್ವಾಮಿ. ಹಳ್ಳದ ಕಾಡಾಗೂ ಒಂದು ಜಾಗ ಗುಡ್ಸದೆ ಬಿಟ್ಟಿದೀನಿ. ಇವ್ನಿಗೆ ಗೊತ್ತಿಲ್ಲ, ಪುಣ್ಯ" ಎಂದಳು.

ಬೆಳಗಿನ ಮಂಜಿನಲ್ಲಿ ಹೊರಟೆವು. ಅವ್ವ ಮುಂದೆ, ಅವಳ ಕೋಲಿನ ಇನ್ನೊಂದು ತುದಿ ಹಿಡಿದು ಪ್ರೊಫೆಸರು, ಹಿಂದೆ ನಾನು. ಹಳ್ಳದ ದಂಡೆಯಲ್ಲಿ ಅವ್ವ ಕೂರಿಸಿದಳು. "ನೋಡಕ್ಕೆ ಹೋಗ್ಬೇಡಿ. ಮೊದ್ಲು ಕೇಳಿ."

ಚರ್. ಚರ್. ಒಣ ಎಲೆಯ ಮೇಲೆ ಪುಟ್ಟ ಹೆಜ್ಜೆಗಳ ಸದ್ದು. ಪ್ರೊಫೆಸರು ಸದ್ದಿನ ಕಡೆ ಮುಖ ತಿರುಗಿಸಿದರು. ಸದ್ದು ನಾಲ್ಕು ಮಾರಿನಷ್ಟು ಹತ್ತಿರಕ್ಕೆ ಬಂತು. ಹಕ್ಕಿ ಎಲೆಯೊಂದನ್ನು ಮಗುಚಿ ಹಾಕಿ, ಬಾಲ ಕುಣಿಸಿತು.

"ಕೆಂಪು," ಎಂದರು ಪ್ರೊಫೆಸರು ಪಿಸುದನಿಯಲ್ಲಿ. "ಕೆಂಪು ಕಂಡಿತು." ಅವ್ವನತ್ತ ತಿರುಗಿ ಕೇಳಿದರು, "ತಾಯಿ, ಇದಕ್ಕೆ ನೀವು ಏನೆಂದು ಕರೆಯುತ್ತೀರಿ?"

"ಕರ್ದ್ರೆ ಎಂತ ಬರ್ತದಾ ಸ್ವಾಮಿ? ಸುಮ್ನೆ ಕೂತ್ರೆ ಬರ್ತದೆ."

ಇಂಗ್ಲಿಷ್ ಬಲ್ಲ ಇಬ್ಬರೂ ಸುಮ್ಮನೆ ಕೂತೆವು.

ಮೊನ್ನೆ ಮೈಸೂರಿನಿಂದ ಕಾರ್ಡು ಬಂತು. ವಿಳಾಸದಲ್ಲಿ ನನ್ನ ಹೆಸರಿಲ್ಲ, ಅವ್ವನ ಹೆಸರು! ಅವಳ ಹೆಸರಿಗೆ ಟಪಾಲು ಬಂದದ್ದು ಜನ್ಮದಲ್ಲೇ ಮೊದಲು. ಸೆರಗಿಗೆ ಕೈ ಒರೆಸಿಕೊಂಡು ಕಾರ್ಡು ಹಿಡಿದು, ಆ ಕಡೆ ಈ ಕಡೆ ತಿರುಗಿಸಿ ನೋಡಿ, ನನ್ನ ಕೈಗೆ ಕೊಟ್ಟಳು. ಓದಿದೆ. ಒಂದೇ ಪ್ರಶ್ನೆ: ಹಕ್ಕಿ ಇನ್ನೂ ಇದೆಯೇ?

"ಉಂಟು ಅಂತ ಬರಿ," ಎಂದಳು ಅವ್ವ. "ಅದು ಹೊರಟ ದಿನ ತಿಳಿಸ್ತೀನಿ ಅಂತಲೂ ಬರಿ. ಅಕ್ಷರ ದೊಡ್ಡದಾಗಿ ಬರಿ, ಪಾಪ, ಕಣ್ಣು ಸಾಲದು ಅವ್ರಿಗೆ."

ಬಿ.ಎ. ಆಗಿ ಎಂಟು ವರ್ಷಕ್ಕೆ ಅವ್ವನ ಕೈಕೆಳಗೆ ಗುಮಾಸ್ತನಾದೆ. ಓದಿದವನಿಗೆ ಇದಕ್ಕಿಂತ ದೊಡ್ಡ ಹುದ್ದೆ ಉಂಟೇ?