ಚಲೋ ಮಾಲಿನ ಸ್ಯಾಂಪಲ್

ಇವತ್ತು ಬೆಳಿಗ್ಗೆ ನನ್ನ ಹೆಂಡತಿ ಚಹಾದ ಜೊತೆಗೆ ಪೇಪರಿನಿಂದ ಕತ್ತರಿಸಿದ ಒಂದು ತುಂಡನ್ನೂ ತಂದಿಟ್ಟಳು. ದೊಡ್ಡ ಕರುಳಿನಲ್ಲಿ ಕ್ಯಾನ್ಸರ್ ತಲೆಯೆತ್ತುವ ಹೊತ್ತಿಗೇ ಮೈ ಅದರ ಸುಳಿವು ಹಿಡಿದು ಪ್ರತಿಕಾಯಗಳನ್ನು ಹುಟ್ಟಿಸುತ್ತದಂತೆ. ನೆತ್ತರಿನಲ್ಲಿ ಅವುಗಳನ್ನು ಹುಡುಕಿ, ಯಾರಿಗೆ ಅಪಾಯವಿದೆ ಎಂದು ಮೊದಲೇ ಹೇಳಲು ಸಾಧ್ಯವೇ ಎಂದು ಸಂಶೋಧನೆ ನಡೆದಿದೆಯಂತೆ. ನನ್ನ ಮೈಯೊಳಗೇ ಇದ್ದು, ನನ್ನ ಅನ್ನವನ್ನೇ ಉಂಡು, ನನ್ನನ್ನೊಂದು ಮಾತೂ ಕೇಳದೆ ಚಾಡಿ ಹೇಳುವವರಿದ್ದಾರೆಂದು ನನಗೆ ಗೊತ್ತಿರಲಿಲ್ಲ. ಆ ತುಂಡನ್ನು ನನ್ನ ಮುಂದೆ ಏಕೆ ಇಟ್ಟಳೆಂಬುದು ಮಾತ್ರ ಗೊತ್ತಿತ್ತು. ಎರಡು ತಿಂಗಳಿಂದ ಸಂಡಾಸಿನಲ್ಲಿ ನನಗೆ ನೆತ್ತರು ಕಾಣುತ್ತಿದೆ. ಅದು ಉಷ್ಣ ಎಂದು ನಾನು ತೀರ್ಮಾನ ಕೊಟ್ಟುಬಿಟ್ಟಿದ್ದೆ.

ನಮ್ಮ ಕಡೆ ಉಷ್ಣಕ್ಕೆ ಇರುವ ಮರ್ಯಾದೆ ಯಾವ ಡಾಕ್ಟರಿಗೂ ಇಲ್ಲ. ನಾನಿರುವ ಇಂಡಿಯಿಂದ ಮುದ್ದೇಬಿಹಾಳದವರೆಗೆ ಯಾರ ಮುಂದಾದರೂ ನೆತ್ತರಿನ ಸುದ್ದಿ ತೆಗೆದು ನೋಡಿ, 'ಉಷ್ಣ ಆಗೇತಿ, ಮಜ್ಜಿಗಿ ಕುಡೀರಿ' ಎನ್ನುತ್ತಾರೆ. ಬಾಗೇವಾಡಿ ಬಸ್ ಸ್ಟ್ಯಾಂಡಿನಲ್ಲಿ ಗುರುತಿಲ್ಲದವರೂ ಈ ಸೇವೆಯನ್ನು ಪುಕ್ಕಟೆ ಮಾಡುತ್ತಾರೆ. ಮಜ್ಜಿಗೆಗೆ ಬಗ್ಗದಿದ್ದರೆ ಅದು ಮೂಲವ್ಯಾಧಿ. ಕ್ಯಾನ್ಸರ್ ಏನಿದ್ದರೂ ಜೋಳದ ರೊಟ್ಟಿ ತಿನ್ನದ ಊರಿನವರಿಗೆ. ಈ ವೈದ್ಯಶಾಸ್ತ್ರವನ್ನು ನನಗೆ ಕಲಿಸಿದವರು ನಮ್ಮ ಕಾಕಾ.

ಕಾಕಾ, ಅಂದರೆ ಅಪ್ಪನ ತಮ್ಮ, ಮುದ್ದೇಬಿಹಾಳದ ಮಾರುಕಟ್ಟೆಯಲ್ಲಿ ದಲಾಲಿ ಅಂಗಡಿ ಇಟ್ಟಿದ್ದರು. ರೈತರ ತೊಗರಿ ಮಾರಿಸಿಕೊಡುವ ಕೆಲಸ. ಅವರ ಹೆಸರಿದ್ದದ್ದು ಸ್ಯಾಂಪಲ್ ತೋರಿಸುವುದರಲ್ಲಿ. ದುಂಡನೆಯ ಕಾಳುಗಳನ್ನಷ್ಟೇ ಆರಿಸಿ ಖರೀದಿದಾರನ ಅಂಗೈಗೆ ಸುರಿದರೆ, ಅವನು ಚೀಲದೊಳಗೆ ಕೈಹಾಕುವುದನ್ನೇ ಮರೆಯಬೇಕು. ಹುಳುಕು ಕಾಳು ತೋರಿಸುವುದು ಅವರ ದೃಷ್ಟಿಯಲ್ಲಿ ಪ್ರಾಮಾಣಿಕತೆಯಲ್ಲ, ಬಂದ ಗಿರಾಕಿಗೆ ಮಾಡುವ ಅವಮಾನ.

ಒಮ್ಮೆ ಮಾರುಕಟ್ಟೆಯಲ್ಲೇ ಆರೋಗ್ಯ ಶಿಬಿರ ನಡೆಯಿತು. ವಯಸ್ಸಾದವರಿಗೆಲ್ಲ ಲೇಡಿ ಡಾಕ್ಟರೊಬ್ಬರು ಪುಟ್ಟ ಪ್ಲಾಸ್ಟಿಕ್ ನಳಿಗೆ ಕೊಟ್ಟು, ಮಲದ ಸ್ಯಾಂಪಲ್ ತರಲು ಹೇಳಿದರು. ಅದರಲ್ಲಿ ಕಣ್ಣಿಗೆ ಕಾಣದಷ್ಟು ನೆತ್ತರಿದ್ದರೂ ಪರೀಕ್ಷೆಯ ಕಿಟ್ಟಿನಲ್ಲಿರುವ ಪ್ರತಿಕಾಯಗಳು ಹಿಡಿದುಕೊಡುತ್ತವೆ ಎಂದು ಬಿಡಿಸಿ ಹೇಳಿದರು.

'ನೆತ್ತರ ಏನರ ಬೀಳತೈತೇನ್ರಿ?' ಎಂದು ಕಾಕಾನನ್ನು ಕೇಳಿದರು.

'ಛೇ, ನಮ್ಮ ಮನ್ಯಾಗ ಅಂಥಾದ್ದೇನಿಲ್ರಿ.'

ನೆತ್ತರು ಬೀಳತೊಡಗಿ ಆಗಲೇ ವರ್ಷವಾಗುತ್ತ ಬಂದಿತ್ತು.

ನಳಿಗೆ ಮನೆಗೆ ಬಂತು, ಸ್ಯಾಂಪಲ್ ಮಾತ್ರ ಹೋಗಲಿಲ್ಲ. ದಿನಾ ಬೆಳಿಗ್ಗೆ ಕಾಕಾನ ಹೆಂಡತಿ, ನಮ್ಮ ಕಾಕು, ವಿಚಾರಿಸುತ್ತಿದ್ದರು. ಕಾಕಾ ಸಂಡಾಸಿನಿಂದ ಬಂದವರೇ ತಲೆ ಅಲ್ಲಾಡಿಸುತ್ತಿದ್ದರು.

'ಇವತ್ತ ಮಾಲ ಚಲೋ ಇಲ್ಲ. ತಡಿ.'

ಖಾರ ಬಿಟ್ಟರು. ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ ಬಿಟ್ಟರು. ಗಂಜಿ ಕುಡಿದರು, ಇಸಬಗೋಲು ನುಂಗಿದರು. ಜೀವಮಾನದಲ್ಲಿ ಹೆಂಡತಿಯ ಒಂದು ಮಾತನ್ನೂ ಕೇಳದ ಮನುಷ್ಯ ಒಂದು ನಳಿಗೆಗಾಗಿ ಸನ್ಯಾಸಿಯಾದರು. ಕೊನೆಗೆ ನೆತ್ತರು ಕಾಣದ ಒಂದು ಬೆಳಗು ಬಂತು. ಅಂದಿನ ಮಾಲನ್ನು ತುಂಬಿಕೊಂಡು, ಇಸ್ತ್ರಿಯ ಅಂಗಿ ಹಾಕಿಕೊಂಡು ಹೋಗಿ ಕೊಟ್ಟು ಬಂದರು.

ರಿಪೋರ್ಟಿನಲ್ಲಿ ಏನೂ ಇರಲಿಲ್ಲ. ಪ್ರತಿಕಾಯಗಳಾದರೂ ಏನು ಮಾಡಿಯಾವು? ಕರುಳಿನ ಗಡ್ಡೆ ದಿನಾ ನೆತ್ತರು ಸುರಿಸಬೇಕೆಂದೇನಿಲ್ಲ, ಅಂದು ಅದಕ್ಕೂ ರಜೆ ಇದ್ದಿರಬೇಕು. ಕಾಕಾ ರಿಪೋರ್ಟಿನ ಫೋಟೋ ತೆಗೆದು ಸಿಂದಗಿಯ ಬೀಗರಿಗೆ, ಅಗರಖೇಡದ ಅಳಿಯನಿಗೆ, ಇಂಡಿಯಲ್ಲಿರುವ ನನಗೆ ಕಳಿಸಿದರು. ಮಗಳ ಮದುವೆಯ ಫೋಟೋಗಳಿಗೂ ಅಷ್ಟು ಪ್ರಚಾರ ಸಿಕ್ಕಿರಲಿಲ್ಲ. ನಾನು ಊರಿಗೆ ಹೋದಾಗ ಮೊಬೈಲನ್ನು ನನ್ನ ಮೂಗಿಗೇ ಹಿಡಿದು, 'ನೋಡಪಾ, ಒಂದನೇ ನಂಬರ್ ಮಾಲ' ಎಂದರು.

ಮರುವರ್ಷ ಕಾಕಾನ ಹೊಟ್ಟೆ ಕಟ್ಟಿಕೊಂಡಿತು. ದೊಡ್ಡಾಸ್ಪತ್ರೆಯಲ್ಲಿ ಕ್ಯಾಮೆರಾ ಒಳಗಿಳಿಸಿ ನೋಡಿದಾಗ ಗಡ್ಡೆ ಸಿಕ್ಕಿತು. ಅದು ಲಿವರಿಗೂ ಹಬ್ಬಿತ್ತು. ಕಾಕು ಮಂಚದ ಪಕ್ಕ ಕೂತು ಕೇಳಿದರು:

'ಡಾಕ್ಟರ್ ಬಾಯಾರು ಕೇಳಿದಾಗ ಖರೇ ಹೇಳಿದ್ರ ಏನ ಆಗತಿತ್ರಿ ನಿಮಗ?'

ಕಾಕಾ ಕಾಳು ತೋರಿಸುವವರಂತೆ ಅಂಗೈ ಬಿಚ್ಚಿದರು.

'ಹುಳಕ ಐತಿ ಅಂತ ನಾವ ಹೇಳಿದ್ರ, ಯಾರ ತಗೋತಾರ?'

ನಗಿಸಲೆಂದೇ ಹೇಳಿದ ಮಾತು. ಯಾರೂ ನಗಲಿಲ್ಲ. ಆ ಸಲದ ತೊಗರಿ ಮಾರುಕಟ್ಟೆಗೆ ಬರುವ ಮೊದಲೇ ಕಾಕಾ ಹೋದರು. ಅವರ ಮೇಲೆ ನನಗೆ ಇನ್ನೂ ಸಿಟ್ಟಿದೆ. ಅವರಿಲ್ಲದ ಮುದ್ದೇಬಿಹಾಳಕ್ಕೆ ಹೋಗಲು ಇನ್ನೂ ಮನಸ್ಸಾಗುವುದಿಲ್ಲ.

ಇಷ್ಟೆಲ್ಲ ಕಂಡ ನಾನು ಬಹಳ ಶಾಣ್ಯಾ ಆಗಿರಬೇಕೆಂದು ನೀವು ಅಂದುಕೊಂಡಿರಬಹುದು. ಕಳೆದ ವಾರದಿಂದ ನಾನೂ ಗಂಜಿಯ ಮೇಲಿದ್ದೆ.

ಮಧ್ಯಾಹ್ನ ಹೆಂಡತಿ ನನ್ನನ್ನು ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ನಾನು ವಿದ್ಯಾವಂತನ ಗತ್ತಿನಲ್ಲಿ, 'ಪ್ರತಿಕಾಯದ ಹೊಸಾ ಪರೀಕ್ಷಾ ಬಂದೈತಂತಲ್ರಿ, ಅದನ್ನ ಮಾಡಸೋಣೇನ್ರಿ?' ಎಂದೆ.

'ಅದು ಇನ್ನೂ ನಮ್ಮ ಕಡೆ ಬಂದಿಲ್ರಿ. ಬಂದರೂ ಏನೂ ತ್ರಾಸ ಇಲ್ಲದವರಿಗೆ ಅದು' ಎಂದ ಡಾಕ್ಟರು ನನ್ನ ಮುಖ ನೋಡಿದರು. 'ನಿಮಗೇನರ ತ್ರಾಸ ಐತೇನ್ರಿ?'

'ಈ ವಾರ ಏನಿಲ್ರಿ' ಎಂಬ ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಅದು ಸುಳ್ಳೂ ಅಲ್ಲ. ಹೆಂಡತಿ ನನ್ನ ಕಡೆ ನೋಡಲಿಲ್ಲ. ತನ್ನ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ನನಗೆ ಬಹಳ ಹೆದರಿಕೆಯಾಯಿತು.

'ಎರಡ ತಿಂಗಳಾತ್ರಿ, ನೆತ್ತರ ಬೀಳಾಕತ್ತೈತಿ' ಎಂದೆ. 'ಒಳಗ ನೋಡಿಬಿಡ್ರಿ.'

ದನಿ ಜೋರಾಗಿಯೇ ಬಂತು. ಹೊರಗೆ ಸಾಲಾಗಿ ಕೂತವರಿಗೆಲ್ಲ ಕೇಳಿಸಿರಬೇಕು. ಕೇಳಿಸಲಿ.